ಹಿತ್ತಲ ನೆಲದ ತಂಪು

ಅತ್ತೆ, ಮೇಲವಂಕಿಯ ನಮ್ಮ ಮನೆಯ ಬಾಗಿಲು ಕಾಯ್ದವರೇ,

ಓದಲು ಬಾರದ ನಿಮಗೆ ಪತ್ರ ಬರೆಯುತ್ತಿದ್ದೇನೆ, ನಗಬೇಡಿ. ಬದುಕಿದ್ದಷ್ಟು ದಿನ ನನ್ನ ಮುಖ ಓದಿದವರಿಗೆ ಈ ಕಾಗದ ಯಾವ ಲೆಕ್ಕ?

ಆ ಗ್ರಹಣದ ದಿನ ನೆನಪಿದೆಯೇ? ಎರಡು ಬಸಿರು ಕಳೆದುಕೊಂಡು ಮೂರನೆಯದನ್ನು ಹೊತ್ತಿದ್ದೆ. ಪಕ್ಕದ ಮನೆಯವರು ಉಪವಾಸ ಕೂತರೆ ನೀವು ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ರೊಟ್ಟಿ ಮುರಿದಿರಿ. "ಲಿಂಗ ಕಟ್ಟಿದವರಿಗೆ ಗ್ರಹಣ ಏನ್ ಮಾಡತೈತಿ?" ಎಂದಿರಿ. ಕೈ ತೊಳೆದು ಒಳಗೆ ಬಂದವರೇ ನನ್ನನ್ನು ಕೋಣೆಗೆ ದೂಡಿ ಅಗಳಿ ಹಾಕಿದಿರಿ!

"ಮತ್ತ ನನಗ್ಯಾಕ್ರಿ ಅತ್ತಿ?" ಎಂದು ಕೂಗಿದೆ.

"ಸುಮ್ನಿರು. ನನ್ನ ಮಾತ ಬ್ಯಾರೆ, ನಿನ್ನ ಹೊಟ್ಟಿ ಬ್ಯಾರೆ."

ಒಬ್ಬಳೇ ಹೆದರುತ್ತೇನೆಂದು ನೀವೇ ಹೊರಗೂ ಒಳಗೂ ಓಡಾಡಿ ಸುದ್ದಿ ತಂದಿರಿ. "ಬಿಸಿಲು ಮಬ್ಬಾಗೈತಿ." ಹೋದಿರಿ, ಬಂದಿರಿ. "ಗಾಳಿ ನಿಂತೈತಿ. ನಿನ್ನ ಗಂಡ ಕಣದಾಗ ಜೋಳದ ಬುಟ್ಟಿ ಎತ್ತಿ ಹಂಗ ನಿಂತಾನ. ಹೊಟ್ಟು ಹಾರವಲ್ದು, ಕಾಳಿನ ಮ್ಯಾಲ ಬೀಳಾಕತ್ತೈತಿ." "ನೆಲ ಹೆಂಗೈತ್ರಿ?" ಎಂದೆ. ನೀವು ಹೋಗಿ ಹಿತ್ತಲ ನೆಲಕ್ಕೆ ಅಂಗೈ ಒತ್ತಿ ಬಂದು ನನ್ನ ಕೆನ್ನೆಗಿಟ್ಟಿರಿ. ಮಟಮಟ ಮಧ್ಯಾಹ್ನ ಅಷ್ಟೊಂದು ತಂಪು! ನಿಮ್ಮ ಕೈ ನಡುಗುತ್ತಿತ್ತು. ತಂಪಿಗಲ್ಲ ಎಂದು ನನಗೆ ಗೊತ್ತಿತ್ತು, ಅತ್ತೆ.

ನೀಲವ್ವ ಹುಟ್ಟಿದಾಗ ನೀವು ಮೊದಲು ನೋಡಿದ್ದು ಅವಳ ತುಟಿ. ಗ್ರಹಣ ತಾಗಿದರೆ ತುಟಿ ಸೀಳುತ್ತದೆ ಎಂಬ ಮಾತು ಅಷ್ಟು ದಿನ ನಿಮ್ಮ ನಿದ್ದೆ ಕೆಡಿಸಿತ್ತು. ಆಮೇಲೆ ಕಿವಿ, ಬೆರಳು. ಎಲ್ಲ ಸರಿಯಿದೆ ಎಂದ ಮೇಲೆ ಸೆರಗು ಬಾಯಿಗೊತ್ತಿಕೊಂಡು ಅತ್ತಿರಿ. ಅವಳ ಮದುವೆಯವರೆಗಾದರೂ ಇದ್ದಿದ್ದರೆ...

ಈಗ ಸುದ್ದಿ ಕೇಳಿ. ನೀಲವ್ವ ಚೊಚ್ಚಲ ಹೆರಿಗೆಗೆ ಹುಕ್ಕೇರಿಯಿಂದ ಬಂದಿದ್ದಳು. ಮೊನ್ನೆ ಮತ್ತೆ ಗ್ರಹಣ. ನಿಮ್ಮ ಸೊಸೆಯಲ್ಲವೇ, ನನ್ನ ಕೈ ಅಗಳಿಗೆ ಹೋಗಿಯೇ ಬಿಟ್ಟಿತು. "ಯವ್ವಾ, ಲಿಂಗ ಕಟ್ಟಿದವರಿಗೆ ಗ್ರಹಣ ಏನ್ ಮಾಡತೈತಿ?" ಎಂದಳು, ಥೇಟ್ ನಿಮ್ಮ ದನಿಯಲ್ಲಿ. ಹೆದರಿಕೆ ಹೋಗಿರಲಿಲ್ಲ. ಆದರೂ ಬಾಗಿಲು ತೆರೆದೆ. ಇಬ್ಬರೂ ಹಿತ್ತಲಿಗೆ ಬಂದೆವು.

ಮೋಡ ಸರಿದು ಬಿದ್ದಿದ್ದ ಬಿಸಿಲು ಮಂಕಾಯಿತು. ನುಗ್ಗೆ ಗಿಡದ ಎಲೆ ಅಲುಗುವುದು ನಿಂತಿತು. ಹಳೆಯ ಕಥೆಯನ್ನು ನನ್ನ ಬಾಯಿಂದ ಎಷ್ಟು ಸಲ ಕೇಳಿದ್ದಳೋ, ನೀಲವ್ವ ಕಷ್ಟಪಟ್ಟು ಬಗ್ಗಿ ನೆಲಕ್ಕೆ ಅಂಗೈ ಒತ್ತಿ ನನ್ನ ಕೆನ್ನೆಗಿಟ್ಟಳು. ಅದೇ ತಂಪು. ಆದರೆ ಅವಳ ಕೈ ನಡುಗಲಿಲ್ಲ.

ನಿನ್ನೆ ಹೆತ್ತಳು. ಹೆಣ್ಣು. ತುಟಿ ನೋಡಿದೆ, ಕಿವಿ ನೋಡಿದೆ, ಬೆರಳು ನೋಡಿದೆ. ಎಲ್ಲ ಸರಿಯಿತ್ತು. ಆಮೇಲೆ ಸೆರಗು ಬಾಯಿಗೊತ್ತಿಕೊಂಡೆ. ನಿಮ್ಮ ಹೆಸರನ್ನೇ ಇಡುತ್ತೇವೆ. ಮುಂದಿನ ಗ್ರಹಣಕ್ಕೆ ಬಾಗಿಲು ತೆರೆದಿಟ್ಟು, ಅವಳ ಪುಟ್ಟ ಅಂಗೈಯನ್ನು ಹಿತ್ತಲ ನೆಲಕ್ಕೆ ನಾನೇ ಒತ್ತಿಸುತ್ತೇನೆ.

ನಿಮ್ಮ ಸೊಸೆ,
ಗಂಗವ್ವ