ಹನ್ನೊಂದು ವರ್ಷ ಕೆಡದ ಪಂಪಿನ ಪುಟ ಅಳಿಸಿದವರಿಗೆ

ಹಾಗಾಗಿ, ಮಾನ್ಯರೇ, ಅದು ಜಾಹೀರಾತಲ್ಲ, ಒಂದು ಪಂಪು ಎಂದು ನಾನು ನಿನ್ನೆ ವಿವರಿಸುತ್ತಿದ್ದಾಗಲೇ ನೀವು ಚರ್ಚಾಪುಟಕ್ಕೆ ಬೀಗ ಜಡಿದಿರಿ. 'ಈ ಚರ್ಚೆ ಮುಕ್ತಾಯಗೊಂಡಿದೆ' ಎಂದು ಕೆಂಪು ಚೌಕಟ್ಟಿನಲ್ಲಿ ಬರೆದಿರಿ. ನಿಮ್ಮದು ಮುಗಿದಿರಬಹುದು, ನನ್ನದು ಮುಗಿದಿಲ್ಲ. ಅಂತರಜಾಲದ ವಿಶ್ವಕೋಶವನ್ನು ಕಾಯುವ ನಿರ್ವಾಹಕರಾದ ತಮಗೆ ಮುಖವಿಲ್ಲ, ವಿಳಾಸವಿಲ್ಲ. ಅದಕ್ಕೇ ಪತ್ರಿಕೆಯ ವಾಚಕರ ಅಂಕಣದ ಮೂಲಕ ಕೂಗುತ್ತಿದ್ದೇನೆ. ಇದು ಅಚ್ಚಾದರೂ ನೀವು ಆಧಾರವೆಂದು ಒಪ್ಪುವುದಿಲ್ಲ, ಗೊತ್ತು. ಬರೆದವನು ಆ ಪಂಪು ಕೂರಿಸಿದವಳ ಗಂಡನಲ್ಲವೇ?

ಓದುಗರಿಗೆ ಹಿಂದುಮುಂದು ತಿಳಿಯಲಿ. ನಮ್ಮದು ದಿಬ್ಬದ ಮೇಲಿಂದ ಇಳಿಯುವ ಮೆಟ್ಟಿಲಿನ ಬೀದಿ. ಮೇಲಿನ ಜಲಾಶಯದ ನೀರು ಕೊಳವೆಯಲ್ಲಿ ಎಷ್ಟು ರಭಸವಾಗಿ ಬರುತ್ತದೆಂದರೆ ನಲ್ಲಿಗಳೇ ಹಾರಿಹೋಗುತ್ತಿದ್ದವು. ಆ ರಭಸವನ್ನು ಕೊಲ್ಲಲಿಕ್ಕೆಂದೇ ನೀರಿನ ಇಲಾಖೆಯವರು ನಡುವೆ ಒಂದು ವಾಲ್ವು ಕೂರಿಸಿದ್ದರು. ನನ್ನ ಹೆಂಡತಿ ಶಾಲೆಯೊಂದರ ಪ್ರಯೋಗಾಲಯದಲ್ಲಿ ಸಹಾಯಕಿ, ಅವಳ ತಮ್ಮ ಅದೇ ಇಲಾಖೆಯಲ್ಲಿ ವಾಲ್ವು ತಿರುಗಿಸುವವನು. ಒಂದು ದಿನ ಅವನನ್ನು ತರಾಟೆಗೆ ತೆಗೆದುಕೊಂಡಳು.

"ಅಲ್ವೋ, ಇಷ್ಟು ಜೋರಾಗಿ ಬರೋ ನೀರಿನ ಕತ್ತು ಹಿಸುಕ್ತೀರಲ್ಲ, ಅದರ ಕೈಲಿ ಏನಾದ್ರೂ ಕೆಲ್ಸ ಮಾಡಿಸ್ಬಾರ್ದಾ?"

"ಅಕ್ಕಾ, ನನ್ನ ಕೈಲೇ ಯಾರೂ ಮಾಡಿಸ್ತಿಲ್ಲ, ನೀರಿನ ಕೈಲಿ ಎಲ್ಲಿ ಮಾಡಿಸ್ಲಿ?"

ಮಾಡಿಸಿದಳು. ಇಲಾಖೆಯ ಅಂಗಳದಲ್ಲಿ ತುಕ್ಕು ಹಿಡಿಯುತ್ತಿದ್ದ ಹಳೆಯ ಪಂಪನ್ನು ಹಿಂದುಮುಂದಾಗಿ ಕೂರಿಸಿದಳು. ನೀರು ಪಂಪನ್ನು ತಿರುಗಿಸುತ್ತದೆ, ಪಂಪು ಮೋಟಾರನ್ನು ತಿರುಗಿಸುತ್ತದೆ, ಮೋಟಾರು ವಿದ್ಯುತ್ತು ಕೊಡುತ್ತದೆ. ನೀರು ಎಂದಿನಂತೆ ನಲ್ಲಿಗೆ ಹೋಗುತ್ತದೆ. ಹೊಗೆಯಿಲ್ಲ, ಬೂದಿಯಿಲ್ಲ. ದಿನಾ ಸಂಜೆ ಐದೂಮುಕ್ಕಾಲಿಗೆ ವಾಲ್ವಿನ ಚಕ್ರ ತಿರುಗಿಸಿ ನೀರನ್ನು ಪಂಪಿನ ದಾರಿಗೆ ಬಿಟ್ಟರೆ ಮೆಟ್ಟಿಲುದ್ದಕ್ಕೂ ನಲವತ್ತೆರಡು ದೀಪ, ಬುಡದಲ್ಲಿರುವ ಹೆರಿಗೆ ಆಸ್ಪತ್ರೆಯ ಜಗುಲಿಯವರೆಗೆ. ಹನ್ನೊಂದು ವರ್ಷ ಒಂದು ಸಂಜೆಯೂ ತಪ್ಪಿಲ್ಲ. ಒತ್ತಡವೆಷ್ಟು, ವೋಲ್ಟೆಷ್ಟು ಎಂದು ಅವಳು ಪ್ರತಿ ಸಂಜೆ ಪುಸ್ತಕದಲ್ಲಿ ಬರೆದಳು. ಒಂದೂವರೆ ವರ್ಷದ ಹಿಂದೆ ಅವಳು ತೀರಿಕೊಂಡ ದಿನ ಅವಳ ತಮ್ಮ ಹೋಗಿ ಬರೆದು ಬಂದ. ಆ ಪುಟದಲ್ಲಿ ಎರಡು ಅಂಕಿ ಕದಡಿವೆ. ಯಾವ ನೀರಿನಿಂದ ಎಂದು ನಾನು ಕೇಳಲಿಲ್ಲ. ಮಾರನೆಯ ದಿನದಿಂದ ನನ್ನ ಕಾಗೆಕಾಲಿನ ಅಕ್ಷರ.

ಇದಿಷ್ಟನ್ನೂ ನಿಮ್ಮ ವಿಶ್ವಕೋಶದಲ್ಲಿ ಒಂದು ಪುಟವಾಗಿ ಬರೆದೆ. ಅದಕ್ಕೆ ತಾವು ಕೊಟ್ಟ ತೀರ್ಪು: ನೋಟಬಿಲಿಟಿ ಇಲ್ಲ. ನಾನೂ ಬಿ.ಎ. ಎರಡು ವರ್ಷ ಓದಿದವನು. ನೋಟಬಲ್ ಅಂದರೆ 'ವರ್ದಿ ಆಫ್ ನೋಟೀಸ್', ಗಮನಕ್ಕೆ ಯೋಗ್ಯವಾದದ್ದು ಎಂದು ನಮ್ಮ ಲೆಕ್ಚರರ್ ಬರೆಸಿದ್ದರು. ಅದರ ಮುಂದಿನದು ಮರೆತಿದೆ, ಆದರೆ ಪತ್ರಿಕೆಯಲ್ಲಿ ಬಂದಿರಬೇಕು ಅಂತ ಮಾತ್ರ ಬರೆಸಿರಲಿಲ್ಲ. ಆಚೆ ಗುಡ್ಡದ ಗಾಳಿಯಂತ್ರಗಳಿಗೆ ನಿಮ್ಮಲ್ಲಿ ಉದ್ದನೆಯ ಪುಟವಿದೆ, ಕೆಳಗೆ ಹತ್ತೊಂಬತ್ತು ಆಧಾರ! ಉದ್ಘಾಟನೆಯ ಸುದ್ದಿ, ತನಿಖೆಯ ಸುದ್ದಿ, ಕೊನೆಗೆ ಒಂದು ಕಂಬ ಮುರಿದುಬಿದ್ದ ಸುದ್ದಿ. ಒಂದು ಬಲ್ಬನ್ನಾದರೂ ಉರಿಸಿದ ಸುದ್ದಿ ಮಾತ್ರ ಇಲ್ಲ. ನಮ್ಮದೂ ಬಿದ್ದಿದ್ದರೆ ನಿಮಗೆ ಎದ್ದು ಕಾಣುತ್ತಿತ್ತೋ ಏನೋ. ಆಧಾರಕ್ಕಾಗಿ ಪತ್ರಿಕೆಯ ಕಚೇರಿಗೂ ಹೋದೆ. ವರದಿಗಾರ ಬಹಳ ಮರ್ಯಾದಸ್ಥ. ಟೀ ತರಿಸಿಕೊಟ್ಟು ಹೇಳಿದ: "ಸರ್, ಚೆನ್ನಾಗಿ ನಡೀತಿದೆ ಅನ್ನೋದು ಸುದ್ದಿ ಹೆಂಗಾಗುತ್ತೆ? ಕೆಟ್ಟುಗಿಟ್ಟು ಹೋದ್ರೆ ಫೋನ್ ಮಾಡಿ, ಬಂದ್ಬಿಡ್ತೀವಿ."

ಎರಡನೆಯ ಆಕ್ಷೇಪ: ಬರೆದವರಿಗೆ ವಿಷಯದೊಂದಿಗೆ ಸಂಬಂಧವಿದೆ. ಇದೆ, ಸ್ವಾಮಿ! ಮೂವತ್ತು ವರ್ಷದ ಸಂಬಂಧ. ನಾನೇ ಪುಟದ ಬುಡದಲ್ಲಿ 'ಬರೆದವನು: ಆಕೆಯ ಗಂಡ' ಎಂದು ಹಾಕಿದ್ದೆ. ಮಗಳು ತಲೆ ಚಚ್ಚಿಕೊಂಡಳು.

"ಅಪ್ಪಾ, ಅದನ್ಯಾಕೆ ಹೇಳಕ್ಕೆ ಹೋದ್ರಿ? ಯಾರು ಕೇಳಿದ್ರು?"

"ಕಳಿಸಿದವರ ಹೆಸರಿಲ್ಲದ ಗಂಟನ್ನ ನಾನು ಯಾವತ್ತಾದ್ರೂ ಬುಕ್ ಮಾಡಿದ್ದೀನಾ?"

ಜೀವಮಾನವೆಲ್ಲ ಪಾರ್ಸೆಲ್ ಆಫೀಸಿನಲ್ಲಿ ಕಳೆದವನು ನಾನು. ಸುಳ್ಳು ಹೆಸರಿನಲ್ಲಿ ಬರೆದಿದ್ದರೆ ಸ್ವತಂತ್ರ ಲೇಖಕನಾಗುತ್ತಿದ್ದೆ. ನಿಜ ಬರೆದು ಪ್ರಚಾರಕನಾದೆ. ಇದು ಯಾವ ಊರಿನ ನ್ಯಾಯ?

ಒಬ್ಬ ಮುದುಕನಿಗೆ ಒಂದು ಪುಟ ಹೋದರೇನು ಎನ್ನುತ್ತೀರಿ. ಹೋದದ್ದು ಪುಟ ಮಾತ್ರವಲ್ಲ. ಬರುವ ತಿಂಗಳು ಇಲಾಖೆಯವರು ಹೊಸ ಕೊಳವೆ ಹಾಕುತ್ತಾರೆ, ಅದರ ನಕ್ಷೆಯಲ್ಲಿ ನಮ್ಮ ಪಂಪಿಲ್ಲ. ಹೊಸದಾಗಿ ಬಂದ ಎಂಜಿನಿಯರಮ್ಮ ಒಂದು ಸಂಜೆ ಪಂಪಿನ ಮನೆಯ ಬಾಗಿಲಲ್ಲೇ ನಿಂತು, ಫೋನು ಒತ್ತಿ ನಿಮ್ಮ ವಿಶ್ವಕೋಶದಲ್ಲಿ ಹುಡುಕಿದರು. ಒಳಗೆ ಪಂಪು ಗುಂಯ್‌ಗುಡುತ್ತಿತ್ತು. "ನಮ್ಮ ದಾಖಲೆಯಲ್ಲಂತೂ ಇಲ್ಲ. ಇಲ್ಲೂ 'ಪುಟ ಅಳಿಸಲಾಗಿದೆ' ಅಂತಿದೆ. ಇಲ್ಲದೇ ಇರೋದನ್ನ ಉಳಿಸಿ ಅಂತ ನಾನು ಮೇಲಿನವರಿಗೆ ಹೇಗೆ ಬರೀಲಿ, ಹೇಳಿ?" ಆ ಸದ್ದಿಗೆ ದನಿ ಏರಿಸಿಯೇ ಹೇಳಬೇಕಾಯಿತು ಅವರು.

ಈಗ ನನ್ನ ತಪ್ಪೊಪ್ಪಿಗೆ. ಕಳೆದ ಸೋಮವಾರ ಚಕ್ರ ತಿರುಗಿಸುವ ಹೊತ್ತಿಗೆ ಭಾವಮೈದ ಅಡ್ಡ ನಿಂತ.

"ಭಾವ, ಒಂದೇ ಒಂದು ಸಾಯಂಕಾಲ ನೀರು ಬಿಡಬೇಡಿ. ದೀಪ ಹತ್ಲಿಲ್ಲ ಅಂದ್ರೆ ಪೇಪರ್ನೋರು ತಾವೇ ಓಡ್ಬರ್ತಾರೆ."

"ಬಂದು?"

"'ಹನ್ನೊಂದು ವರ್ಷದ ಯೋಜನೆ ಸ್ಥಗಿತ' ಅಂತ ಹಾಕ್ತಾರೆ. ನಿಮ್ಮ ಆಧಾರ ಸಿಕ್ತಲ್ಲ!"

ಚಕ್ರದ ಮೇಲೆ ಕೈಯಿಟ್ಟು ಸುಮ್ಮನೆ ನಿಂತೆ. ಐದೂಮುಕ್ಕಾಲಾಯಿತು, ಐದು ಐವತ್ತಾಯಿತು. ಅಷ್ಟರಲ್ಲಿ ಆಸ್ಪತ್ರೆಯ ಆಯಾ ಮೆಟ್ಟಿಲ ನಡುವೆ ನಿಂತು, ತುಂಬು ಬಸುರಿಯೊಬ್ಬಳ ತೋಳು ಹಿಡಿದುಕೊಂಡೇ, ಕಿಟಕಿಯತ್ತ ಕೂಗಿದಳು: "ಏನಜ್ಜಾ, ಇವತ್ತೇನು ನಿದ್ದೆನಾ? ಕೆಳಗಿನ ಮೆಟ್ಲು ಕಾಣ್ತಿಲ್ಲ!"

ಹನ್ನೊಂದು ವರ್ಷದಲ್ಲಿ ಆ ಮಾತನ್ನು ಯಾರೂ ಆಡಿರಲಿಲ್ಲ. "ಬಂತಮ್ಮಾ, ಬಂತು" ಎಂದು ತಿರುಗಿಸಿದೆ. ಪುಸ್ತಕದಲ್ಲಿ 'ಏಳು ನಿಮಿಷ ತಡ, ಕಾರಣ ನಾನು' ಎಂದು ಬರೆದಿದ್ದೇನೆ. ಅಲ್ಲಿಗೆ ಆಧಾರ ಕೈತಪ್ಪಿತು. ನಿಮ್ಮ ನಿಯಮ ಕೇಳುವ ಬೆಲೆ ಅದೇ ಆದರೆ, ಆ ಬಸುರಿಯ ಕಾಲು ಜಾರಿಸಿ ನಾನದನ್ನು ಕೊಡಲಾರೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಪುಟವನ್ನು ವಾಪಸು ಹಾಕಿ. ಗಂಡ ಬರೆದದ್ದು ಬೇಡವೆಂದರೆ ನೀವೇ ಬಂದು, ನೋಡಿ, ಬರೆಯಿರಿ; ಅವಳ ಹೆಸರೂ ಬೇಡ, ಪಂಪು ಇದೆ ಎಂದಷ್ಟೇ ಬರೆಯಿರಿ. ಎಂಜಿನಿಯರಮ್ಮನಿಗೆ ಅಷ್ಟು ಸಾಕಂತೆ. ಅದೂ ಆಗದಿದ್ದರೆ, 'ಕೆಡದೇ ಇರುವುದು ಗಮನಾರ್ಹವಲ್ಲ' ಎಂಬ ನಿಮ್ಮ ನಿಯಮವನ್ನು ಅದೇ ಕೆಂಪು ಚೌಕಟ್ಟಿನಲ್ಲಿ, ಎಲ್ಲರಿಗೂ ಕಾಣುವಂತೆ

ಅಕ್ಷರ ಕಾಣುತ್ತಿಲ್ಲ. ಪಂಪಿನ ಮನೆಯ ಕಿಟಕಿಯಲ್ಲಿ ಕೂತು ಬರೆಯುತ್ತಿದ್ದೇನೆ, ಬೆಳಕು ಇಳಿಯುತ್ತಿದೆ. ಇಲ್ಲಿ ದೀಪವಿಲ್ಲ. ನಲವತ್ತಮೂರನೆಯದಕ್ಕೆ ಶಕ್ತಿ ಸಾಲದು ಎಂದು ಇದ್ದುದನ್ನೆಲ್ಲ ಅವಳು ಮೆಟ್ಟಿಲಿಗೇ ಕೊಟ್ಟಳು. "ಭಾವ, ನೀವು ತಿರುಗಿಸ್ತೀರೋ, ನಾನೋ?" ಎನ್ನುತ್ತಿದ್ದಾನೆ.

ನಾನೇ.

ಇಂತಿ,
ಕಳಿಸಿದವನು: ಆಕೆಯ ಗಂಡ
(ಈ ಸಲವೂ ಮುಚ್ಚಿಟ್ಟಿಲ್ಲ)