ಬಾಣಂತಿ ಕೋಣೆಯ ಬೆಕ್ಕು

೩ ಡಿಸೆಂಬರ್ ೧೯೪೧, ಬುಧವಾರ. ಬೆಳಿಗ್ಗೆ

ಮಗಳಿಗೂ ಮೊಮ್ಮಗುವಿಗೂ ನೀರು ಹಾಕಿ ಆಯಿತು. ಸಾಂಬ್ರಾಣಿ ಹೊಗೆಯೂ ಆಯಿತು. ಒದ್ದೆ ಬಟ್ಟೆ ಹಿಂಡಿ ಬರುವಷ್ಟರಲ್ಲಿ ಆ ಕಳ್ಳಬೆಕ್ಕು ಮತ್ತೆ ಕಂಬಳಿಯೊಳಗೆ! ಮಗುವಿನ ಕಾಲ ಹತ್ತಿರ ಬಾಲ ಮಾತ್ರ ಕಾಣುತ್ತಿತ್ತು. ಎಳೆದು ಹಾಕಿದೆ. ಮಗಳು ಗಂಗಾಂಬಿಕೆಗೆ ಕೋಪ.

"ಚಳಿ ಅಂತ ಬತ್ತದೆ ಕಣವ್ವ, ಪಾಪ. ಬುಡು."

ಪಾಪವಂತೆ! ಹಾಲಿನ ವಾಸನೆಗೆ ಬಂದು ಎಳೆಮಗುವಿನ ಉಸಿರು ಕುಡಿಯುತ್ತದೆ ಎಂದು ನಮ್ಮತ್ತೆ ಹೇಳುತ್ತಿದ್ದರು. ಇದರ ಕಣ್ಣೇ ಸರಿಯಿಲ್ಲ. ನಾನು ನೋಡಿದ ಕೂಡಲೇ ನಿದ್ದೆ ಬಂದ ಹಾಗೆ ನಟಿಸುತ್ತದೆ.

ನಮ್ಮ ಯಜಮಾನರು, ಇವರೂ ಬೆಕ್ಕಿನ ಪಾರ್ಟಿ. "ಅಷ್ಟು ದಪ್ಪ ಕಂಬ್ಳಿ ಒಳಗೆ ಅದೇ ಉಸ್ರುಕಟ್ಟಿ ಸತ್ತೋದಾತು, ನೋಡ್ಕೊ" ಅಂದರು. ಸಾಯಲಿ ಅಂದೆ... ಅನ್ನಬಾರದಿತ್ತು.

೫, ಶುಕ್ರವಾರ

ಹೊಳೆ ಕಡೆಯಿಂದ ಕೆಟ್ಟ ಗಾಳಿ. ಬಾಣಂತಿಗೆ ಗಾಳಿ ಸೋಕಬಾರದು. ಕಿಟಕಿ ಸಂದಿಗೆಲ್ಲ ಹಳೇ ಸೀರೆ ತುರುಕಿದೆ. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟೆ. ಬಾಗಿಲೊಂದು ಮುಚ್ಚಿ ನಿಲ್ಲುವುದಿಲ್ಲ — ಬೆಕ್ಕು ತಲೆಯಲ್ಲಿ ತಳ್ಳಿ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ಮುಚ್ಚಿ ಮುಚ್ಚಿ ಸಾಕಾಯಿತು.

೭, ಭಾನುವಾರ

ಸಿಕ್ಕಿಬಿತ್ತು! ಕಂಬಳಿಯಿಂದ ಹೊರಬಂದ ಬೆಕ್ಕು ಕುಡುಕನ ಹಾಗೆ ತೂರಾಡಿತು. ಹೊಸ್ತಿಲ ಮೇಲೆ ಬಿದ್ದು ಜೊಲ್ಲು ಸುರಿಸಿತು. ಅಂಗಳದ ಬಿಸಿಲಲ್ಲಿ ಬಿದ್ದುಕೊಂಡು ಆಮೇಲೆ ಸರಿಹೋಯಿತು. ಒಳಗೆ ಹೋಗಿ ನೋಡಿದೆ. ಮಗು ಮಂಕಾಗಿದೆ, ಹಾಲು ಬೇಡ. ಗಂಗಾಗೆ ತಲೆನೋವು. ಇನ್ನೇನು ಪ್ರೂಫು ಬೇಕು? ಮಗುವಿನ ಉಸಿರು ಕುಡಿದೇ ಅದಕ್ಕೆ ಅಮಲೇರಿದ್ದು.

೮, ಸೋಮವಾರ

ನಮ್ಮ ಆಳು ಕೆಂಚಯ್ಯ ಗೊರೂರಿಗೆ ಗಾಡಿ ಹೊಡೆಯುವವನಿದ್ದ. ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ, ದಾರಿ ಮರೆಯಲೆಂದು ಚೀಲವನ್ನು ಮೂರು ಸುತ್ತು ತಿರುಗಿಸಿ ಕೊಟ್ಟೆ.

"ಒಳೆ ದಾಟ್ಸೇ ಬುಡ್ತೀನಿ ಕಣ್ರವ್ವ. ವಾಪಸ್ ಬರಾಕಿಲ್ಲ."

ಗಂಗಾ ಅತ್ತಳು. ಅಳಲಿ. ಈಗ ಬಾಗಿಲು ಮುಚ್ಚಿದ್ದು ಮುಚ್ಚಿದ ಹಾಗೇ ಇದೆ. ಅಗ್ಗಿಷ್ಟಿಕೆಗೆ ಇನ್ನೊಂದು ಬೊಗಸೆ ಇದ್ದಿಲು ಹಾಕಿದೆ. ನೆಮ್ಮದಿ.

೧೨, ಶುಕ್ರವಾರ

ಬರೆಯಲು ಕೈ ಬರುತ್ತಿಲ್ಲ.

ಮಂಗಳವಾರ ಬೆಳಿಗ್ಗೆ ಸ್ನಾನಕ್ಕೆ ಕರೆದೆ. ಬಾಗಿಲು ತಳ್ಳಿ ಮಗುವನ್ನು ಎತ್ತಿದರೆ — ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಅಂಗಳಕ್ಕೆ ಓಡಿದೆ. ಇವರು ಗಂಗಾಳನ್ನು ಎಳೆದು ತಂದರು. ಎಷ್ಟೋ ಹೊತ್ತಿನ ಮೇಲೆ ಮಗು ಅತ್ತಿತು. ಗಂಗಾ ಎದ್ದು ನಿಂತಳು. ತೂರಾಡಿದಳು. ಕುಸಿದಳು. ಬಾಯಲ್ಲಿ ಜೊಲ್ಲು. ಥೇಟು ಬೆಕ್ಕಿನ ಹಾಗೆ.

ಬೆಕ್ಕು ಇರಲಿಲ್ಲ. ಕೆಂಡ ಇತ್ತು, ಅದರ ಕೆಟ್ಟ ಗಾಳಿ ಇತ್ತು. ಕಿಟಕಿಗೆ ಬಟ್ಟೆ ತುರುಕಿದವಳು ನಾನು. ಬೆಕ್ಕು ತೆರೆದ ಬಾಗಿಲನ್ನು ಮುಚ್ಚಿದವಳೂ ನಾನೇ. ಅದು ಓಡಾಡುತ್ತಿದ್ದುದರಿಂದಲೇ ಇಷ್ಟು ದಿನ ಒಳಗೆ ಗಾಳಿ ಆಡುತ್ತಿತ್ತು... ಅಯ್ಯೋ ಶಿವನೇ.

೧೬, ಮಂಗಳವಾರ

ಕೆಂಚಯ್ಯನನ್ನು ಮತ್ತೆ ಗೊರೂರಿಗೆ ಕಳಿಸಿದ್ದೆ. ಬರೀ ಚೀಲ ತಂದ. "ಎಲ್ಲಿ ಅಂತ ಉಡುಕ್ಲಿ ಅವ್ವಾರೇ?"

ಮಗು ಹುಷಾರಾಗಿದೆ. ಕಿಟಕಿ ತೆರೆದಿದೆ. ಗಂಗಾ ಮಾತಾಡುತ್ತಾಳೆ, ನಾನು ಬಡಿಸಿದ್ದು ಉಣ್ಣುತ್ತಾಳೆ. ಆದರೆ ನಾನು ಕೋಣೆಗೆ ಕಾಲಿಟ್ಟರೆ ಕಂಬಳಿ ಸರಿಸಿ ಮಗುವಿನ ಮೂಗಿಗೆ ಬೆರಳಿಟ್ಟು ನೋಡುತ್ತಾಳೆ. ನನ್ನ ಕೈ ಎಲ್ಲಿ ಹೋಗುತ್ತದೆ ಎಂದು ನೋಡುತ್ತಾಳೆ. ನಾನು ಬೆಕ್ಕನ್ನು ನೋಡುತ್ತಿದ್ದೆನಲ್ಲ, ಹಾಗೆ.

ಈಗ ತಾನೇ ಮಗು ಅತ್ತಿತು. ಎದ್ದು ಹೋದೆ.

"ಅವ್ವಾ, ನೀನು ಅಲ್ಲೇ ಇರು."

ಹೊಸ್ತಿಲ ಹೊರಗೆ ಕೂತಿದ್ದೇನೆ. ಬಾಗಿಲು ತೆರೆದೇ ಇದೆ. ಆದರೂ ಒಳಗೆ ಹೋಗುವ ಹಾಗಿಲ್ಲ.