ಜ್ವರಕ್ಕೆ ಕಾರ್ಡು ನಡೆಯುವುದಿಲ್ಲ

ಕಡಬ
9 ಆಗಸ್ಟ್ 2025, ಶನಿವಾರ

ತೃಷಾ,

ಮೊದಲು 'ಪ್ರೀತಿಯ' ಎಂದು ಬರೆದಿದ್ದೆ. ಆಮೇಲೆ ಹಾಳೆ ಬದಲಾಯಿಸಿದೆ.

ಮೊನ್ನೆ ನಿನ್ನ ಮೆಸೇಜು ಬಂತು. "ಸೇವಂತಿ ಅಮ್ಮ ಹೋದದ್ದು ಈಗ ಗೊತ್ತಾಯ್ತು ಯಶು. ನನಗೊಂದು ಮಾತು ಹೇಳ್ಬಾರ್ದಿತ್ತಾ?" ಅಂತ. ಹದಿನಾರು ವರ್ಷದ ಮೇಲೆ ನೀನು ನನ್ನನ್ನು ಯಶು ಎಂದು ಕರೆದೆ. ಫೋನಿನಲ್ಲಿ ಉತ್ತರ ಹೊಡೆಯಲು ಕೂತರೆ ನಾಲ್ಕು ಸಾಲು ಬರೆದು ಅಳಿಸುತ್ತೇನೆ. ಅದಕ್ಕೆ ಕಾಗದ. ನಿನ್ನ ನರ್ಸಿಂಗ್ ಹೋಮಿನ ವಿಳಾಸಕ್ಕೇ ಕಳಿಸುತ್ತೇನೆ, ಕೌಂಟರಿನ ಹರ್ಷಿತ್ ಒಡೆದು ಓದಿದರೂ ಚಿಂತೆಯಿಲ್ಲ.

ಒಂದು ಮಾತು ಹೇಳಿದ್ದೆ, ತೃಷಾ. ಚೀಟಿಯಲ್ಲಿ ಬರೆದು ಕಳಿಸಿದ್ದೆ.

ನಾನೀಗ ಕಡಬ ಪೇಟೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಅರ್ಜಿ ತುಂಬಿಸುವುದು, ಪಹಣಿ ತೆಗೆದುಕೊಡುವುದು, ಸರಕಾರದ ಆರೋಗ್ಯ ಕಾರ್ಡು ಪ್ರಿಂಟ್ ಹಾಕಿ ಲ್ಯಾಮಿನೇಟ್ ಮಾಡುವುದು. ಈ ತಾಲೂಕಿನಲ್ಲಿ ಎಷ್ಟು ಮನೆಯ ಕಾರ್ಡು ನನ್ನ ಕೈಯಿಂದ ಹೋಗಿದೆಯೋ ಲೆಕ್ಕವಿಲ್ಲ. "ಇದೊಂದು ಇದ್ರೆ ಆಯ್ತು, ಆಸ್ಪತ್ರೆಗೆ ಹೆದರ್ಬೇಕಂತ ಇಲ್ಲ" ಎಂದು ಮುದುಕರಿಗೆಲ್ಲ ಹೇಳಿ ಕಳಿಸುತ್ತಿದ್ದೆ. ಅಮ್ಮನದ್ದನ್ನೂ ನಾನೇ ಮಾಡಿಕೊಟ್ಟಿದ್ದೆ. ಶಾಲೆಯ ಬಿಸಿಯೂಟಕ್ಕೆ ಅಡುಗೆ ಮಾಡಲು ಹೋಗುವಾಗಲೂ ಅವಳು ಅದನ್ನು ಪರ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದಳು.

ಜುಲೈ ಹನ್ನೆರಡಕ್ಕೆ ಅವಳಿಗೆ ಜ್ವರ ಹಿಡಿಯಿತು. ಮೀನಖಂಡ ನೋಯುತ್ತದೆ ಎಂದು ಗೋಣಿ ಹೊದ್ದು ಮಲಗಿದಳು. ಸೋಮವಾರ ಪುತ್ತೂರಿಗೆ, ನಿನ್ನಲ್ಲಿಗೆ ಕರೆತಂದೆ. ನಿನ್ನ ಬೋರ್ಡಿನಲ್ಲಿ 'ಸರಕಾರಿ ಆರೋಗ್ಯ ಕಾರ್ಡು ಸ್ವೀಕರಿಸಲಾಗುವುದು' ಎಂದು ಬರೆದಿದೆ. ಕೆಳಗೆ ನಿನ್ನ ಹೆಸರು, ಎಂ.ಡಿ., ಜನರಲ್ ಮೆಡಿಸಿನ್. ಅಮ್ಮ ಆ ಹೆಸರನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಬಸ್ಸಿನಲ್ಲಿ ಬರುವಾಗ ಪಕ್ಕದವರಿಗೆಲ್ಲ ಹೇಳಿಕೊಂಡೇ ಬಂದಿದ್ದಳು, ನಮ್ಮ ಮನೆಯಲ್ಲಿ ಎರಡು ವರ್ಷ ಉಂಡು ಓದಿದ ಹುಡುಗಿ ದೊಡ್ಡ ಡಾಕ್ಟ್ರು ಅಂತ.

ಮೊದಲು ನಿನ್ನ ಜೂನಿಯರ್ ನೋಡಿದರು. ಅಡ್ಮಿಟ್ ಮಾಡಬೇಕು ಎಂದರು. ಕೌಂಟರಿಗೆ ಹೋಗಿ ಕಾರ್ಡು ಕೊಟ್ಟರೆ ಹರ್ಷಿತ್ ಅದನ್ನು ತಿರುಗಿಸಿಯೂ ನೋಡಲಿಲ್ಲ.

"ಹೆರಿಗೆಗೆ ನಡೀತದೆ, ಮೂಳೆ ಆಪರೇಷನಿಗೆ ನಡೀತದೆ. ಜ್ವರಕ್ಕೆ ಕಾರ್ಡು ನಡೆಯುದಿಲ್ಲ ಅಕ್ಕ. ಕೈಯಿಂದ ಕಟ್ಟುದಾದ್ರೆ ಬೆಡ್ ಉಂಟು."

"ಮೇಡಂಗೆ ನಮ್ಮ ಗುರ್ತ ಉಂಟು" ಎಂದೆ.

"ಎಲ್ಲರೂ ಅದನ್ನೇ ಹೇಳುದು ಮಾರಾಯ್ರೆ."

ಆಗ ನಾನು ಚೀಟಿ ಬರೆದೆ. 'ನಾನು ಯಶಸ್ವಿ. ಅಮ್ಮನನ್ನು ಕರೆತಂದಿದ್ದೇನೆ. ಹೊರಗೆ ಬೆಂಚಿನಲ್ಲಿದ್ದಾಳೆ.' ನರ್ಸ್ ಒಳಗೆ ಕೊಂಡುಹೋಗಿ ಐದು ನಿಮಿಷದಲ್ಲಿ ತಂದುಕೊಟ್ಟಳು. ನನ್ನ ಅಕ್ಷರದ ಕೆಳಗೆ ನಿನ್ನ ಅಕ್ಷರ. 'ಮೆಡಿಸಿನ್ ಕೇಸಿಗೆ ಕಾರ್ಡು ಇಲ್ಲ. ಸರಕಾರಿ ಆಸ್ಪತ್ರೆಗೆ ಹೋಗಲಿ.' ಹೋಗಲಿ! ಹೋಗು ಎಂದೂ ಅಲ್ಲ, ಹೋಗಿ ಎಂದೂ ಅಲ್ಲ. ಅಮ್ಮ ಎಂತ ಬರೆದಿದ್ದಾಳೆ ಎಂದು ಕೇಳಿದಳು. ಇವತ್ತು ತುಂಬ ರಶ್ಶು, ಇನ್ನೊಂದು ದಿನ ಬರಲಿಕ್ಕೆ ಹೇಳಿದ್ದಾಳೆ ಎಂದೆ.

ಮಂಗಳವಾರ ಸರಕಾರಿ ಆಸ್ಪತ್ರೆಯಲ್ಲಿ ಸಾಲು ನಿಂತೆವು. ಫಿಸಿಶಿಯನ್ ರಜೆಯಲ್ಲಿದ್ದರು. ಡ್ಯೂಟಿ ಡಾಕ್ಟರು ಅಮ್ಮನ ಕಣ್ಣು ನೋಡಿ, ಕಾರ್ಡು ನಡೆಯುವ ಬೇರೆ ಆಸ್ಪತ್ರೆಗೆ ಬೇಗ ಹೋಗಿ ಎಂದು ರೆಫರಲ್ ಬರೆದುಕೊಟ್ಟರು. ಆ ಕಾಗದ ಹಿಡಿದು ಬುಧವಾರ ಮತ್ತೆ ನಿನ್ನಲ್ಲಿಗೇ ಬಂದೆ. ಈಗ ನೀನು ಇಲ್ಲ ಅನ್ನಲಾರೆ ಎಂದುಕೊಂಡಿದ್ದೆ. ಹರ್ಷಿತ್ ಓದಿ, ಮೆಡಿಸಿನ್ ಕೇಸಿಗೆ ಅಪ್ರೂವಲ್ ಬರುವುದಿಲ್ಲ ಎಂದು ವಾಪಸ್ ಕೊಟ್ಟ.

ಮಧ್ಯಾಹ್ನ ಒಂದು ಗಂಟೆಗೆ ನೀನು ಹೊರಗೆ ಬಂದೆ. ನೆನಪಿಲ್ಲ ಎಂದು ಹೇಳಬೇಡ. ಅಮ್ಮ ಗೋಡೆ ಹಿಡಿದು ಎದ್ದು ನಿಂತು "ಮಗಾ" ಎಂದಳು. ನೀನು ಅವಳನ್ನು ನೋಡಿದೆ, ನನ್ನನ್ನು ನೋಡಿದೆ. "ಕೂತ್ಕೊಳ್ಳಿ ಅಮ್ಮ, ನಂಬರ್ ಬರುವಾಗ ಕರೀತಾರೆ" ಎಂದು ಹೇಳಿ ಕಾರು ಹತ್ತಿದೆ. ನಮಗೆ ನಂಬರೇ ಕೊಟ್ಟಿರಲಿಲ್ಲ. ಟ್ಯೂಷನ್ ಮುಗಿಯುವಾಗ ನಿನ್ನ ಊರು ಪೆರಾಬೆಗೆ ಬಸ್ಸಿಲ್ಲವೆಂದು ನಿನ್ನನ್ನು ನಮ್ಮ ಮನೆಯಲ್ಲಿ ನಿಲ್ಲಿಸಿಕೊಂಡ ಹೆಂಗಸು, ತೃಷಾ. ನಿನಗೆ ಪರೀಕ್ಷೆ ಇದ್ದರೆ ನನ್ನ ಪಾಲಿನ ಮೊಟ್ಟೆಯನ್ನೂ ನಿನ್ನ ಬಟ್ಟಲಿಗೆ ಹಾಕುತ್ತಿದ್ದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಏನು ಹೇಳಿದಳು ಗೊತ್ತೆ? "ಪಾಪ, ಎಷ್ಟು ಸಪೂರ ಆಗಿದ್ದಾಳೆ ನೋಡು. ಸಮಾ ಉಣ್ಣುದಿಲ್ಲ ಕಾಣ್ತದೆ." ಆಮೇಲೆ ಕಿಟಕಿಯಿಂದ ಹೊರಗೆ ವಾಂತಿ ಮಾಡಿದಳು.

ಗುರುವಾರ ಬೆಳಿಗ್ಗೆಯೂ ನಿನ್ನ ಬೆಂಚಿನಲ್ಲಿದ್ದೆವು. ಅಷ್ಟರಲ್ಲಿ ಅವಳ ಕಣ್ಣು ಹಳದಿಯಾಗಿತ್ತು, ಹಿಂದಿನ ದಿನದಿಂದ ಮೂತ್ರ ಹೋಗಿರಲಿಲ್ಲ. ಸೊಸೆಯ ಹೆರಿಗೆಗೆಂದು ಅದೇ ವಾರವಿಡೀ ನಿಮ್ಮಲ್ಲಿದ್ದ ಕುಂಬ್ರದ ರುಕಿಯಾ ಎಂಬವರು ನಮ್ಮನ್ನು ನೋಡಿ, ಸುಳ್ಯದಲ್ಲಿ ಶಾನವಾಝ್ ಡಾಕ್ಟ್ರು ಜ್ವರಕ್ಕೂ ಕಾರ್ಡು ತೆಗೆದುಕೊಳ್ಳುತ್ತಾರೆ ಎಂದು ಹೇಳಿದರು. ಕೂಡಲೇ ಹೊರಟೆವು.

ಸಣ್ಣ ಆಸ್ಪತ್ರೆ. ಬೋರ್ಡಿನ ಬಣ್ಣ ಹೋಗಿದೆ. ಅವರು ಅಮ್ಮನ ರೆಪ್ಪೆ ಎಳೆದು ನೋಡಿ, ಕಾಲಿನ ಮೀನಖಂಡ ಒತ್ತಿದರು. ಅಮ್ಮ ಕಿರುಚಿದಳು. "ಬೆಡ್ಡಿಗೆ ಹಾಕಿ ಮೊದಲು. ಕಾರ್ಡಿನ ಕೆಲಸ ಆಮೇಲೆ ಮಾಡುವ" ಎಂದರು. ಹತ್ತು ನಿಮಿಷದಲ್ಲಿ ಡ್ರಿಪ್ ಹಾಕಿದ್ದರು. ಆಮೇಲೆ ನನ್ನನ್ನು ಹೊರಗೆ ಕರೆದು, ಇಲಿಜ್ವರ, ಕಿಡ್ನಿ ನಿಲ್ತಾ ಉಂಟು, ಮಂಗಳೂರಿಗೆ ಕೊಂಡುಹೋಗಬೇಕಾದೀತು ಎಂದರು. "ಸೋಮವಾರ ಬಂದಿದ್ರೆ ಇಂಜೆಕ್ಷನ್‌ನಲ್ಲೇ ಕಮ್ಮಿ ಆಗ್ತಿತ್ತೋ ಏನೋ. ಇಷ್ಟು ದಿನ ಎಲ್ಲಿದ್ರಿ ಮಾರಾಯ್ರೆ?" ನಾನು ನಿನ್ನ ಹೆಸರು ಹೇಳಿದೆ. ಅವರು ತಲೆ ತಗ್ಗಿಸಿ ಕೇಸ್ ಶೀಟಿನಲ್ಲಿ ಬರೆಯುತ್ತ ಹೋದರು.

ಮಂಗಳೂರಿನಲ್ಲಿ ಎರಡು ಸಲ ಡಯಾಲಿಸಿಸ್ ಆಯಿತು, ಕಾರ್ಡಿನಲ್ಲೇ. ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಹೋದಳು.

ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ನಿನ್ನ ಅಮ್ಮ ದುಗ್ಗಮ್ಮ ಪೆರಾಬೆಯಿಂದ ಜೀಪು ಮಾಡಿಕೊಂಡು ಬಂದಿದ್ದರು. ನನ್ನ ಕೈ ಹಿಡಿದು, ತೃಷಾನಲ್ಲಿಗೆ ಕೊಂಡುಹೋಗಬಾರದಿತ್ತಾ ಮಗಾ, ಅವಳು ಬಿಡುತ್ತಿದ್ದಳಾ ಎಂದು ಅತ್ತರು. ಅವರು ಎಲೆಯ ಮುಂದೆ ಕೂರುವವರೆಗೆ ಕಾದೆ. ಅನ್ನ ಬಡಿಸಿಯಾದ ಮೇಲೆ ಚೀಟಿಯನ್ನು ಎಲೆಯ ಪಕ್ಕದಲ್ಲಿಟ್ಟೆ. ಅವರಿಗೆ ಓದಲು ಬರುವುದಿಲ್ಲವಲ್ಲ, ಅದಕ್ಕೆ ಪಂಕ್ತಿಯಲ್ಲಿದ್ದವರೆಲ್ಲರಿಗೆ ಕೇಳುವ ಹಾಗೆ ನಾನೇ ಓದಿ ಹೇಳಿದೆ. ಮೂರು ದಿನ ನಿನ್ನ ಬೆಂಚಿನಲ್ಲಿ ಕೂತದ್ದು, ನೀನು ಕಾರು ಹತ್ತಿದ್ದು, ಎಲ್ಲ. ಅವರು ಅರ್ಧ ಊಟದಲ್ಲಿ ಎದ್ದರು. ಕೈ ತೊಳೆಯದೆ ಜೀಪು ಹತ್ತಿದರು. ಅಂದಿನಿಂದ ನಿನ್ನ ಫೋನು ಎತ್ತುತ್ತಿಲ್ಲವಂತೆ. ನೀನು ಕಳಿಸಿದ ಪ್ರೆಷರಿನ ಮಾತ್ರೆಯನ್ನೂ ಬಿಟ್ಟಿದ್ದಾರೆ ಎಂದು ನೆರೆಮನೆಯವರು ಅಂಗಡಿಗೆ ಬಂದಾಗ ಹೇಳಿದರು. ನನಗೆ ಬೇಜಾರಾಗಲಿಲ್ಲ. ಬೇಜಾರಾಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ನೀನು ಮೆಸೇಜು ಮಾಡಿದ್ದು ಅದಕ್ಕೇ ಅಲ್ಲವೆ? ನಾನು ಪೆರಾಬೆಗೆ ಹೋಗಿ ನಿನ್ನ ಪರವಾಗಿ ಎರಡು ಮಾತು ಆಡಲಿ ಎಂದು. ಹೋಗುವುದಿಲ್ಲ ತೃಷಾ. ನಿನ್ನ ಅಮ್ಮ ಬದುಕಿದ್ದಾರೆ. ನೀನೇ ಹೋಗಿ ಅವರ ಜಗಲಿಯಲ್ಲಿ ಕೂತು ಕಾಯಿ. ಕರೆಯುತ್ತಾರೋ ನೋಡು.

ಇಂತಿ,
ಸೇವಂತಿಯ ಮಗಳು
ಯಶಸ್ವಿ

ಮರೆತ ಮಾತು: ಲಕೋಟೆ ಅಂಟಿಸಿದ್ದೆ. ಮತ್ತೆ ಬಿಡಿಸಿದೆ. ರುಕಿಯಾ ನಮಗೆ ಸುಳ್ಯದ ಡಾಕ್ಟರ ಬಗ್ಗೆ ಹೇಳಿದ್ದು ಗುರುವಾರ ಅಲ್ಲ, ಸೋಮವಾರ. ನಿನ್ನ ಚೀಟಿ ಬಂದು ಅರ್ಧ ಗಂಟೆ ಆಗಿರಲಿಲ್ಲ. ಡಾಕ್ಟರ ಫೋನ್ ನಂಬರನ್ನೂ ಕೊಟ್ಟಿದ್ದರು. ಸುಳ್ಯದ ಬಸ್ಸು ಸ್ಟ್ಯಾಂಡಿನಲ್ಲೇ ಇತ್ತು. ನಾನು ಹತ್ತಿಸಲಿಲ್ಲ. ನೀನೇ ಹೊರಗೆ ಬಂದು, ಆ ಹರ್ಷಿತನ ಎದುರಿನಲ್ಲಿ, ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಬೇಕು, ಅದನ್ನು ನಾನು ನೋಡಬೇಕು ಎಂದಿತ್ತು ನನಗೆ. ಬುಧವಾರ ನೀನು ಕಾರು ಹತ್ತಿದ ಮೇಲೆ ಅಮ್ಮ, "ಆ ಅಕ್ಕ ಹೇಳಿದಲ್ಲಿಗೆ ಹೋಗುವನಾ ಮಗಾ, ನನಗೆ ಕೂರ್ಲಿಕ್ಕೆ ಆಗುದಿಲ್ಲ" ಎಂದು ಕೇಳಿದಳು. ಸುಮ್ಮನೆ ಕೂತುಕೋ ಎಂದು ಗದರಿಸಿದೆ. ಅವಳು ಮತ್ತೆ ಕೇಳಲಿಲ್ಲ.

ಇದನ್ನು ದುಗ್ಗಮ್ಮನಿಗೆ ಹೇಳಿಲ್ಲ. ಹೇಳುವುದೂ ಇಲ್ಲ.